ತಂತಿ ಎಳೆಯುವ ಮುನ್ನ

ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯಿತೆಂದರೆ ತುಮಕೂರು, ಚಿಕ್ಕಬಳ್ಳಾಪುರ, ರಾಮನಗರದ ಹಳ್ಳಿ ರಸ್ತೆಗಳಲ್ಲಿ ಕಲ್ಲುಕೂಚ ಹೇರಿಕೊಂಡ ಟ್ರಾಕ್ಟರ್‌ಗಳ ಓಡಾಟ ಶುರುವಾಗುತ್ತದೆ. ಹೊಲದಲ್ಲಿ ಬೆಳೆ ಇರುವುದಿಲ್ಲ, ಗುಂಡಿ ತೋಡಲು ಅಡ್ಡಿಯಿಲ್ಲ. ಮುಂಗಾರು ಹಿಡಿಯುವುದರೊಳಗೆ ಕಂಬ ನಿಂತು ತಂತಿ ಬಿಗಿಯಾಗಬೇಕು. ಹೊಸದಾಗಿ ಅಡಿಕೆ ಇಟ್ಟವರು, ಬೋರ್‌ವೆಲ್‌ಗೆ ನೀರು ಬಿದ್ದವರು, ಪೇಟೆಯಿಂದ ಬಂದು ಜಮೀನು ಕೊಂಡವರು, ಅಣ್ಣತಮ್ಮಂದಿರ ಪಾಲು ಮುಗಿಸಿಕೊಂಡವರು, ಎಲ್ಲರಿಗೂ ಮೊದಲು ನೆನಪಾಗುವುದು ಬೇಲಿ.

ಇದಕ್ಕೆ ಕಾರಣಗಳಿವೆ. ಹಿಂದೆ ಜಾಲಿ ಮುಳ್ಳು ಕಡಿದು ಬದುವಿನ ಮೇಲೆ ಒಟ್ಟಿದರೆ ಆ ವರ್ಷದ ರಾಗಿಗೆ ಕಾವಲು ಸಿಗುತ್ತಿತ್ತು. ಮಾರನೆಯ ವರ್ಷ ಗೆದ್ದಲು ತಿಂದು ಉಳಿದದ್ದನ್ನು ಒಲೆಗೆ ಹಾಕಿ ಹೊಸ ಮುಳ್ಳು ತರುತ್ತಿದ್ದರು. ಈಗ ಮುಳ್ಳು ಕಡಿಯುವ ಆಳಿಲ್ಲ, ದನ ಕಾಯುವ ಹುಡುಗರೂ ಇಲ್ಲ. ಒಂದು ಬೆಳೆಯ ಹೊಲ ಇಪ್ಪತ್ತು ಮೂವತ್ತು ವರ್ಷ ನಿಲ್ಲುವ ತೋಟವಾಗಿದೆ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಮೂರು ವರ್ಷದ ಸಸಿ ಹೋಗುತ್ತದೆ. ಹಾಗಾಗಿ ತಂತಿ ಬೇಲಿ ಅನೇಕರಿಗೆ ಅನಿವಾರ್ಯ. ಆದರೆ ಬೇಲಿ ಕೆಡುವುದು ಹೆಚ್ಚಾಗಿ ತಂತಿಯ ದೋಷದಿಂದಲ್ಲ, ತಂತಿ ತರುವ ಮೊದಲು ಆಗಬೇಕಾದ ಕೆಲಸ ಆಗದಿರುವುದರಿಂದ. ಯಾರನ್ನು ತಡೆಯಬೇಕು, ಯಾರಿಗೆ ದಾರಿ ಬಿಡಬೇಕು, ಗಡಿ ನಿಜವಾಗಿ ಎಲ್ಲಿದೆ ಎಂಬುದು ತೀರ್ಮಾನವಾಗದೆ ನೆಟ್ಟ ಕಂಬ ಎಷ್ಟು ಗಟ್ಟಿಯಾದರೂ ನೆಮ್ಮದಿ ಕೊಡದು.

ಗಡಿ ಯಾವುದು?

ನಮ್ಮಲ್ಲಿ ಬಹುಪಾಲು ಹೊಲಗಳ ಗಡಿ ಅನುಭವದ ಗಡಿ. ಅಜ್ಜ ಉಳುತ್ತಿದ್ದ ಕಡೆಗೆ ಅಪ್ಪ ಉತ್ತ, ಅಪ್ಪ ಉತ್ತ ಕಡೆಗೆ ಮಗ ಉಳುತ್ತಾನೆ. ಬದು ವರ್ಷಕ್ಕೊಂದು ಗೇಣು ಆ ಕಡೆಗೋ ಈ ಕಡೆಗೋ ಸರಿದಿರುತ್ತದೆ. ಮಣ್ಣಿನ ಬದುವಿಗೆ ಈ ಸಡಿಲ ಇದ್ದರೂ ನಡೆಯುತ್ತದೆ. ಕಲ್ಲುಕಂಬ ನೆಟ್ಟ ದಿನ ಅದು ತಕರಾರಾಗುತ್ತದೆ.

ಆದ್ದರಿಂದ ಮೊದಲ ಖರ್ಚು ಹದ್ದುಬಸ್ತಿಗೆ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಸರ್ವೆ ದಾಖಲೆಯಂತೆ ಅಳೆದು, ಗಡಿ ಗುರುತಿಸಿ ಕೊಡುತ್ತಾರೆ. ಆ ದಿನ ಪಕ್ಕದ ಹೊಲದವರು ಸ್ಥಳದಲ್ಲಿ ಇರಲೇಬೇಕು. ನೋಟಿಸು ತಲುಪಿದರೆ ಸಾಕು ಎಂದು ಕೂರದೆ, ಮನೆಗೆ ಹೋಗಿ "ನಾಡಿದ್ದು ಅಳತೆ ಐತೆ, ನೀವೂ ಬರ್ಬೇಕು ಕಣಣ್ಣ" ಎಂದು ಕರೆದು ಬರುವುದು ಒಳ್ಳೆಯದು. ಅವರ ಎದುರಿಗೇ ಚೈನು ಹಿಡಿದು ಗುರುತು ಹಾಕಿದ ಗೆರೆಯ ಬಗ್ಗೆ ಮುಂದೆ ಮಾತು ಬರುವುದು ಕಡಿಮೆ. ಹಳೆಯ ಬಾಂದುಕಲ್ಲು ಸಿಕ್ಕರೆ ಅದನ್ನು ಅಲುಗಿಸಬಾರದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಗಡಿ ಗುರುತುಗಳನ್ನು ಕಾಪಾಡುವ ಹೊಣೆಯನ್ನು ಹಿಡುವಳಿದಾರನ ಮೇಲೇ ಹೊರಿಸಿದೆ. ಬೇಲಿಯ ಕಂಬ ಬಾಂದುಕಲ್ಲಿನ ಪಕ್ಕದಲ್ಲಿರಲಿ, ಅದರ ಜಾಗದಲ್ಲಿ ಬೇಡ.

ಪಹಣಿಯಲ್ಲಿ ಖರಾಬು ಎಷ್ಟಿದೆ ಎಂದು ನೋಡುವುದನ್ನೂ ಮರೆಯಬಾರದು. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಕಲ್ಲುಬಂಡೆ, ಕೊರಕಲು ಇತ್ಯಾದಿ. ಬಿ ಖರಾಬು ಹಾಗಲ್ಲ. ಹಳ್ಳ, ದಾರಿ ಮುಂತಾಗಿ ಸಾರ್ವಜನಿಕರಿಗೆಂದು ಬಿಟ್ಟ ಜಾಗ ಅದು. ಅದು ನಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಬೇಲಿಯೊಳಗೆ ಬರುವಂತಿಲ್ಲ.

ದಾರಿ, ನೀರು

ಹಳ್ಳಿಗಳಲ್ಲಿ ಬೇಲಿಯ ಜಗಳ ಬಹಳ ಸಲ ಗಡಿಯ ಜಗಳವಾಗಿರುವುದಿಲ್ಲ, ದಾರಿಯ ಜಗಳವಾಗಿರುತ್ತದೆ. ಹಿಂದಿನ ಹೊಲದವರು ಮೂವತ್ತು ವರ್ಷದಿಂದ ನಮ್ಮ ಬದುವಿನ ಮೇಲೆ ಗೊಬ್ಬರದ ಗಾಡಿ ಹೊಡೆದಿರುತ್ತಾರೆ. ಗ್ರಾಮ ನಕ್ಷೆಯಲ್ಲಿ ಚುಕ್ಕೆಗೆರೆಯಾಗಿ ಬಂಡಿದಾರಿ ಇದ್ದರೆ ಅದು ನಕಾಶೆ ಕಂಡ ದಾರಿ, ಮುಚ್ಚುವ ಹಕ್ಕು ಯಾರಿಗೂ ಇಲ್ಲ. ನಕಾಶೆಯಲ್ಲಿ ಇಲ್ಲದಿದ್ದರೂ, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದೆಂಬಂತೆ ಬಳಸಿದ ದಾರಿಗೆ 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆ ಮಾನ್ಯತೆ ಕೊಡುತ್ತದೆ. ಕೋರ್ಟಿನಲ್ಲಿ ಹತ್ತು ವರ್ಷ ಅಲೆದು ಕೊನೆಗೆ ಬಿಡಬೇಕಾದ ಹತ್ತಡಿಯನ್ನು ಕಂಬ ನೆಡುವ ದಿನವೇ ಬಿಡುವುದು ವಿವೇಕ.

ಮಲೆನಾಡಿನವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿ ಬೇಲಿ ಇದ್ದಲ್ಲೆಲ್ಲ ದಾಟುವ ಜಾಗವೂ ಇದೆ. ಕಂಬಗಳ ತೂತಿಗೆ ಅಡ್ಡ ಗಳು ತೂರಿಸಿದ ಉಣುಗೋಲು, ಮನುಷ್ಯ ದಾಟಬಲ್ಲ ದನ ದಾಟಲಾರದ ದಣಪೆ, ಕರಾವಳಿಯ ತಡಮೆ, ಇವೆಲ್ಲ ಬೇಲಿಯ ಜೊತೆಗೇ ಬೆಳೆದ ಏರ್ಪಾಡುಗಳು. ತಂತಿ ಬೇಲಿಯಲ್ಲೂ ಕಾಲುದಾರಿ ಬರುವ ಕಡೆ ಎರಡು ಕಂಬಗಳನ್ನು ಹತ್ತಿರ ನೆಟ್ಟು, ಒಬ್ಬರು ಓರೆಯಾಗಿ ನುಸುಳುವಷ್ಟು ಸಂದು ಬಿಡಬಹುದು. ಇಲ್ಲವಾದರೆ ನಡೆದು ರೂಢಿಯಾದವರು ತಂತಿ ಬಗ್ಗಿಸಿ ದಾರಿ ಮಾಡಿಕೊಳ್ಳುತ್ತಾರೆ, ಅದೇ ಕಿಂಡಿ ಹಂದಿಗೂ ಆಗುತ್ತದೆ. ಗೇಟು ಹನ್ನೆರಡು ಅಡಿಗಿಂತ ಕಡಿಮೆ ಬೇಡ. ಟ್ರೈಲರ್ ಕಟ್ಟಿದ ಟ್ರಾಕ್ಟರು ತಿರುಗಿ ಒಳಬರಬೇಕು, ಭತ್ತ ಕೊಯ್ಯುವ ಯಂತ್ರ ಬರುವುದಾದರೆ ಇನ್ನೂ ಅಗಲ ಬೇಕು.

ನೀರಿನ ದಾರಿಯನ್ನು ಮಳೆಗಾಲದಲ್ಲಿ ನೋಡಿರಬೇಕು. ಬೇಸಿಗೆಯಲ್ಲಿ ಒಣಗಿದ ತಗ್ಗಾಗಿ ಕಾಣುವ ಕಡೆ ಜುಲೈನಲ್ಲಿ ಹಳ್ಳ ಹರಿಯುತ್ತದೆ. ಅಡ್ಡ ಎಳೆದ ತಂತಿಗೆ ಕಸಕಡ್ಡಿ, ಸೋಗೆ ಸಿಕ್ಕಿ ಸಣ್ಣ ಒಡ್ಡೇ ಆಗಿ, ಇತ್ತ ನಮ್ಮ ಕಂಬ ಕಿತ್ತು, ಅತ್ತ ಮೇಲಿನವರ ಹೊಲದಲ್ಲಿ ನೀರು ನಿಲ್ಲುತ್ತದೆ. ಹಳ್ಳದ ಎರಡೂ ದಡದಲ್ಲಿ ಗಟ್ಟಿ ಕಂಬ ನಿಲ್ಲಿಸಿ ಬೇಲಿಯನ್ನು ಅಲ್ಲಿಗೆ ಮುಗಿಸಬೇಕು. ನಡುವಿನ ಭಾಗಕ್ಕೆ ಪ್ರತ್ಯೇಕವಾಗಿ, ಪ್ರವಾಹ ಬಂದರೆ ಅದಷ್ಟೇ ಬಿಚ್ಚಿಕೊಳ್ಳುವಂತೆ, ಮೇಲಿನ ತಂತಿಯಿಂದ ಗಳುಗಳನ್ನು ತೂಗುಬಿಡಬೇಕು.

ಎಕರೆಯ ಲೆಕ್ಕವಲ್ಲ, ಸುತ್ತಳತೆಯ ಲೆಕ್ಕ

"ಎಕರೆಗೆ ಎಷ್ಟಾಗುತ್ತೆ?" ಎಂಬುದು ಬೇಲಿಯ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಒಂದೇ ಉತ್ತರವಿಲ್ಲ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಆ ಎಕರೆ ಸರಿಯಾದ ಚೌಕವಾಗಿದ್ದರೆ ಒಂದು ಮಗ್ಗುಲು ಸುಮಾರು 209 ಅಡಿ, ಸುತ್ತಳತೆ ಸುಮಾರು 835 ಅಡಿ. ಅದೇ ಎಕರೆ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯಾಗಿದ್ದರೆ ಸುತ್ತಳತೆ 1,452 ಅಡಿ. ಭೂಮಿ ಅಷ್ಟೇ, ಬೇಲಿ ಮಾತ್ರ ಮುಕ್ಕಾಲು ಪಾಲು ಹೆಚ್ಚು. ಎಲ್ಲರಿಗೂ ದಾರಿಯ ಮಗ್ಗುಲು ಸಿಗಲಿ ಎಂದು ಅಣ್ಣತಮ್ಮಂದಿರು ಜಮೀನನ್ನು ಉದ್ದುದ್ದ ಸೀಳಿಕೊಂಡ ಊರುಗಳಲ್ಲಿ ಬೇಲಿ ದುಬಾರಿಯಾಗುವುದು ಹೀಗೆ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ಒಂದಕ್ಕೊಂದು ಅಂಟಿದ ನಾಲ್ಕು ಚೌಕ ಎಕರೆಗಳ ಒಡೆಯರು ತಂತಮ್ಮ ಎಕರೆಗೆ ಬೇರೆಬೇರೆಯಾಗಿ ಬೇಲಿ ಹಾಕಿದರೆ ಒಟ್ಟು 3,340 ಅಡಿ. ನಾಲ್ವರೂ ಕೂಡಿ ಹೊರಸುತ್ತಿಗೆ ಒಂದೇ ಬೇಲಿ ಹಾಕಿದರೆ 1,670 ಅಡಿ, ಸರಿಯಾಗಿ ಅರ್ಧ. ನಡುವಿನ ಗಡಿಗೂ ಬೇಲಿ ಬೇಕೇಬೇಕು ಎನ್ನುವವರು ಪ್ರತಿ ಗಡಿಗೆ ಎರಡರ ಬದಲು ಒಂದನ್ನೇ ಇಬ್ಬರ ಖರ್ಚಿನಲ್ಲಿ ಹಾಕಿದರೆ 2,505 ಅಡಿ. ಹೀಗಿದ್ದೂ ಒಂದೇ ಗಡಿಯ ಮೇಲೆ ಎರಡಡಿ ಅಂತರದಲ್ಲಿ ಎರಡು ತಂತಿ ಬೇಲಿ, ನಡುವೆ ಕಳೆ ಬೆಳೆದ ಓಣಿ, ಎಷ್ಟು ಊರುಗಳಲ್ಲಿ ಕಾಣುತ್ತೇವೆ! ಆ ಓಣಿ ಇಬ್ಬರಿಗೂ ಇಲ್ಲ, ಅದರಲ್ಲಿ ಹೂತ ಹಣವೂ ಇಬ್ಬರಿಗೂ ಇಲ್ಲ.

ಕಂಬ

ಬೇಲಿಯ ಭಾರವನ್ನೆಲ್ಲ ಹೊರುವುದು ಕಂಬ. ಗ್ರಾನೈಟ್ ಸಿಗುವ ಬಯಲುಸೀಮೆಯಲ್ಲಿ ಬಂಡೆಗೆ ಸಾಲಾಗಿ ತೂತು ಕೊರೆದು, ಬೆಣೆ ಹೊಡೆದು ಸೀಳಿದ ಕಲ್ಲುಕೂಚ ಎಲ್ಲಕ್ಕಿಂತ ಬಾಳಿಕೆಯದು. ಗೆದ್ದಲಿಲ್ಲ, ತುಕ್ಕಿಲ್ಲ, ಬೆಂಕಿಗೂ ಹೆದರುವುದಿಲ್ಲ. ಆದರೆ ಅಡ್ಡಪೆಟ್ಟು ತಾಳದು. ಟ್ರಾಕ್ಟರು ತಗುಲಿದರೆ ಮುರಿಯುತ್ತದೆ. ಕೊಳ್ಳುವಾಗ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಬಿರುಕಿದ್ದರೆ ನಾದ ಮಂದವಾಗುತ್ತದೆ. ಕಲ್ಲು ಸಿಗದ ಕಡೆ ಒಳಗೆ ಕಬ್ಬಿಣದ ಸರಳಿರುವ ಸಿಮೆಂಟ್ ಕಂಬ ಸರಿ. ಮರದ ಕಂಬ ಕೊಳೆಯುವುದು ನೆಲಮಟ್ಟದಲ್ಲಿ, ಗಾಳಿ, ತೇವ, ಮಣ್ಣು ಮೂರೂ ಕೂಡುವ ಜಾಗದಲ್ಲಿ. ಮೇಲೆ ಗಟ್ಟಿಯಾಗಿ ಕಂಡರೂ ಬುಡ ಹೋಗಿರುತ್ತದೆ.

ಏಳು ಅಡಿಯ ಕಂಬವಾದರೆ ಎರಡಡಿ ನೆಲದೊಳಗೆ, ಐದಡಿ ಮೇಲೆ. ಕಂಬದಿಂದ ಕಂಬಕ್ಕೆ ಎಂಟರಿಂದ ಹತ್ತಡಿ. ಹನ್ನೆರಡು ಅಡಿಗೆ ನೆಟ್ಟು ಹಣ ಉಳಿಸಿದರೆ ತಂತಿ ನಡುವೆ ಜೋಲುತ್ತದೆ. ಮೊದಲು ಮೂಲೆಯ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ದಾರ ಎಳೆದು, ದಾರದ ಗುಂಟ ಗುಂಡಿ ಗುರುತಿಸಬೇಕು. ಗಡಾರಿಯಿಂದ ತೋಡಿದ ಕಿರಿದಾದ ಗುಂಡಿಗೆ ಕಂಬವಿಳಿಸಿ, ಸುತ್ತ ಕಲ್ಲುಚೂರು ಮಣ್ಣು ತುಂಬುತ್ತ ಪದರ ಪದರವಾಗಿ ಕುಟ್ಟಿದರೆ ನಡುಗಂಬಗಳಿಗೆ ಅಷ್ಟೇ ಸಾಕು. ಕುಟ್ಟದೆ ಮಣ್ಣು ಎಳೆದು ಮುಚ್ಚಿದ ಕಂಬ ಮೊದಲ ಮಳೆಗೇ ವಾಲುತ್ತದೆ. ಎರೆಭೂಮಿಯಲ್ಲಂತೂ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಗುಂಡಿ ಇನ್ನೂ ಆಳ ಬೇಕು.

ಮೂಲೆಗಳಲ್ಲಿ ಜುಗ್ಗತನ ಮಾಡಬಾರದು. ಐದೆಳೆ ತಂತಿ ಎರಡು ದಿಕ್ಕಿನಿಂದ ಹಗಲೂ ರಾತ್ರಿ ಎಳೆಯುವುದು ಮೂಲೆಯ ಕಂಬವನ್ನೇ. ಅದು ದಪ್ಪವಾಗಿರಬೇಕು, ಇನ್ನೂ ಅರ್ಧ ಅಡಿ ಆಳಕ್ಕೆ ಹೋಗಬೇಕು, ಬುಡಕ್ಕೆ ಜಲ್ಲಿ ಸಿಮೆಂಟು ಬೀಳಬೇಕು, ತಂತಿ ಎಳೆಯುವ ಎರಡೂ ದಿಕ್ಕಿಗೆ ಓರೆಯಾಗಿ ಆಸರೆ ಕಂಬ ಇರಬೇಕು. ಉದ್ದ ಸಾಲಿನಲ್ಲಿ ನೂರಡಿಗೊಂದು ಕಂಬಕ್ಕೂ, ಗೇಟಿನ ಎರಡು ಕಂಬಕ್ಕೂ ಇದೇ ಉಪಚಾರ. ಸಿಮೆಂಟು ಹಾಕಿದ ಕಂಬಕ್ಕೆ ವಾರವಾದರೂ ನೀರುಣಿಸಿ, ಆಮೇಲೆ ತಂತಿ ಎಳೆಯಬೇಕು. ಬಾಡಿಗೆ ಆಳು ಸಿಕ್ಕಿದ್ದಾರೆಂದು ಮರುದಿನವೇ ಬಿಗಿದರೆ ಮೂಲೆ ಅಲ್ಲಾಡಿ ಇಡೀ ಸಾಲು ಸಡಿಲಾಗುತ್ತದೆ.

ತಂತಿ

ಕಲ್ಲೂ ಮರವೂ ಸಿಗದ ಅಮೆರಿಕದ ಹುಲ್ಲುಗಾವಲುಗಳಲ್ಲಿ ದನ ತಡೆಯಲು ಹುಟ್ಟಿದ್ದು ಮುಳ್ಳುತಂತಿ. ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಪಡೆದ ಪೇಟೆಂಟಿನ ವಿನ್ಯಾಸವೇ ಇಂದಿಗೂ ಮೂಲ. ಎರಡು ತಂತಿಗಳನ್ನು ಹೊಸೆದು, ಮುಳ್ಳು ಜರುಗದಂತೆ ನಡುವೆ ಹಿಡಿದಿಡುವುದು ಅವನ ಉಪಾಯ.

ಅಂಗಡಿಯಲ್ಲಿ ಹನ್ನೆರಡು ಗೇಜು, ಹದಿನಾಲ್ಕು ಗೇಜು ಎನ್ನುತ್ತಾರೆ. ಗೇಜಿನ ಅಂಕಿ ಏರಿದಂತೆ ತಂತಿ ತೆಳ್ಳಗಾಗುತ್ತದೆ. ಹನ್ನೆರಡು ಗೇಜು ಎಂದರೆ ಸುಮಾರು 2.6 ಮಿಲಿಮೀಟರ್, ಹದಿನಾಲ್ಕು ಎಂದರೆ ಸುಮಾರು 2 ಮಿಲಿಮೀಟರ್. ತಂತಿ ಕೆಜಿ ಲೆಕ್ಕದಲ್ಲಿ ಮಾರಾಟವಾಗುವುದರಿಂದ ತೆಳು ತಂತಿ ಅದೇ ಹಣಕ್ಕೆ ಹೆಚ್ಚು ಉದ್ದ ಬರುತ್ತದೆ, ಅಗ್ಗವೆನ್ನಿಸುತ್ತದೆ. ಬಾಳಿಕೆ ನಿರ್ಧರಿಸುವುದು ದಪ್ಪದ ಜೊತೆಗೆ ಅದರ ಮೇಲಿನ ಸತುವಿನ ಲೇಪ. ಗೀರು ಬಿದ್ದಲ್ಲೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವು ಮುಗಿದ ಮೇಲೆ ತುಕ್ಕು. ಹಾಗಾಗಿ ಚದರ ಮೀಟರಿಗೆ ಎಷ್ಟು ಗ್ರಾಂ ಸತುವು ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ತೆಳು ಲೇಪದ ತಂತಿ ಬೇಗ ಹೋಗುತ್ತದೆ. ಬೇಲಿ ಬುಡದ ಕಳೆಗೆ ಬೆಂಕಿ ಇಡುವ ರೂಢಿಯನ್ನೂ ಬಿಡಬೇಕು. ಸತುವು ಸುಮಾರು 420 ಡಿಗ್ರಿಗೆ ಕರಗುತ್ತದೆ, ಒಣಹುಲ್ಲಿನ ಉರಿ ಅದನ್ನು ಕೆಡಿಸುತ್ತದೆ.

ದನಕ್ಕಾದರೆ ನಾಲ್ಕೈದು ಎಳೆ ಸಾಕು. ಕುರಿ ಮೇಕೆಗೆ ಕೆಳಗಿನ ಎಳೆಗಳು ಅರ್ಧ ಅಡಿ ಅಂತರದಲ್ಲಿ ಒತ್ತಾಗಿರಬೇಕು, ಮೇಲೆ ಹೋದಂತೆ ಅಂತರ ಹೆಚ್ಚಬಹುದು. ಒತ್ತಡ ಯಾವ ಕಡೆಯಿಂದ ಬರುತ್ತದೋ ಕಂಬದ ಆ ಮಗ್ಗುಲಿಗೆ ತಂತಿ ಇರಬೇಕು. ಆಗ ದನ ನೂಕಿದಾಗ ತಂತಿ ಕಂಬಕ್ಕೆ ಒತ್ತಿಕೊಳ್ಳುತ್ತದೆ, ಕಟ್ಟು ಕಳಚುವುದಿಲ್ಲ. ಬಿಗಿಯಲ್ಲೂ ಹದ ಬೇಕು. 300 ಅಡಿಯ ತಂತಿ 20 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಸುಮಾರು ಎರಡು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ವೀಣೆಯ ತಂತಿಯಂತೆ ಬಿಗಿದರೆ ಡಿಸೆಂಬರ್ ರಾತ್ರಿ ಅದು ಮೂಲೆಗಂಬವನ್ನೇ ಎಳೆಯುತ್ತದೆ. ತಂಪು ಹೊತ್ತಿನಲ್ಲಿ ಎಳೆಯುವುದು ಲೇಸು.

ಈ ಕೆಲಸ ಮಾಡುವವರ ಕೈ ನೋಡಿದರೆ ಸಂಕಟವಾಗುತ್ತದೆ. ಸುರುಳಿ ಬಿಚ್ಚುವಾಗ, ಬಿಗಿಯುವಾಗ ತಂತಿ ತುಂಡಾದರೆ ಚಿಮ್ಮಿ ಮುಖಕ್ಕೇ ಬರುತ್ತದೆ. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದು, ಇವನ್ನು ಕೆಲಸ ಕೊಡುವವರೇ ಒದಗಿಸಬೇಕು. ಲಕ್ಷಾಂತರ ರೂಪಾಯಿ ಖರ್ಚಿನಲ್ಲಿ ಇದೆಷ್ಟರದು?

ಯಾವ ಪ್ರಾಣಿಗೆ ಯಾವ ಬೇಲಿ

ಮುಳ್ಳುತಂತಿ ನಾಡಿನ ದನಕ್ಕೆ ತಡೆ, ಕಾಡಿನ ಪ್ರಾಣಿಗೆ ಅಷ್ಟಾಗಿ ಅಲ್ಲ. ಹಂದಿ ಕೆಳಗಿನ ಎಳೆಯಡಿ ಮೂತಿ ತೂರಿಸಿ ಮಣ್ಣು ಬಗೆದು ನುಗ್ಗುತ್ತದೆ. ಅದಕ್ಕೆ ಬುಡದಲ್ಲಿ ಅರ್ಧ ಅಡಿ ಹೂತ ಜಾಲರಿ ಬೇಕು, ತಗ್ಗುಗಳನ್ನು ಕಲ್ಲಿನಿಂದ ತುಂಬಿರಬೇಕು. ಜಿಂಕೆ ಹಾರುತ್ತದೆ, ಮಂಗ ಹತ್ತುತ್ತದೆ, ನವಿಲು ಇಳಿಯುತ್ತದೆ. ಮಂಗನ ಕಾಟಕ್ಕೆಂದು ಮುಳ್ಳುತಂತಿಗೆ ಹಣ ಸುರಿಯುವುದು ವ್ಯರ್ಥ. ರಾತ್ರಿ ಹಾರುವ ಗೂಬೆ, ಬಾವಲಿಗಳು ಮುಳ್ಳಿಗೆ ಸಿಕ್ಕಿ ಸಾಯುವುದೂ ಇದೆ. ದನ ಇಲ್ಲದ ಮಗ್ಗುಲಲ್ಲಿ ಮೇಲಿನ ಎಳೆಗೆ ಮುಳ್ಳಿಲ್ಲದ ತಂತಿ ಹಾಕಿದರೆ ನಮಗೇನೂ ನಷ್ಟವಿಲ್ಲ.

ಕಾಡಂಚಿನಲ್ಲಿ ಸೋಲಾರ್ ಬೇಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಐಬೆಕ್ಸ್ ಬೇಲಿ ಎಂದೇ ಅದು ಜನಜನಿತ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಎನರ್ಜೈಸರ್ ಪೆಟ್ಟಿಗೆ ಸಾವಿರಾರು ವೋಲ್ಟಿನ ಮಿಡಿತವನ್ನು ಹೆಚ್ಚೂಕಡಿಮೆ ಸೆಕೆಂಡಿಗೊಂದರಂತೆ ತಂತಿಗೆ ಬಿಡುತ್ತದೆ. ಪ್ರತಿ ಮಿಡಿತ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನದು. ಅದರಿಂದ ನೋವಾಗುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಮುಂದಿನ ಮಿಡಿತದೊಳಗೆ ಬಿಡಿಸಿಕೊಳ್ಳಲು ಅವಕಾಶವಿದೆ. ಮನೆಯ 230 ವೋಲ್ಟು ಹಾಗಲ್ಲ. ಬಿಡುವಿಲ್ಲದೆ ಹರಿದು, ಸ್ನಾಯು ಸೆಟೆಸಿ, ಹಿಡಿದವರನ್ನು ಬಿಡದೆ ಕೊಲ್ಲುತ್ತದೆ. ಹಂದಿಗೆಂದು ಕಂಬದಿಂದ ನೇರ ಕರೆಂಟು ಎಳೆದು ಬಿಟ್ಟ ತಂತಿಗೆ ಆನೆಗಳು ಬಲಿಯಾಗಿವೆ, ಬೆಳಗಿನ ಜಾವ ನೀರು ಕಟ್ಟಲು ಹೋದ ರೈತರೂ ಬಲಿಯಾಗಿದ್ದಾರೆ. 2003ರ ವಿದ್ಯುತ್ ಕಾಯ್ದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದನ್ನು ಅಪರಾಧವೆನ್ನುತ್ತವೆ. ಕಾನೂನು ಇಲ್ಲದಿದ್ದರೂ ಇದು ಮಾಡಬಾರದ ಕೆಲಸ. ಬೇಲಿಗೆ ಬ್ರೇಕ್ ವೈರಿನ ಉರುಳು ಕಟ್ಟುವುದೂ ಅಷ್ಟೇ. ಹಂದಿಗೆಂದು ಒಡ್ಡಿದ್ದಕ್ಕೆ ಚಿರತೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ತಂತಿ ಬೇಲಿಯನ್ನು ಕರೆಂಟು ಕಂಬಕ್ಕಾಗಲಿ ಅದರ ಸ್ಟೇ ವೈರಿಗಾಗಲಿ ಕಟ್ಟಲೇಬಾರದು. ಗಾಳಿಮಳೆಗೆ ಲೈನು ಹರಿದು ಬಿದ್ದರೆ ಇಡೀ ಬೇಲಿಯೇ ಕರೆಂಟಾಗುತ್ತದೆ.

ಸೋಲಾರ್ ಬೇಲಿ ಹಾಕಿಸಿ ಮರೆಯುವಂಥದ್ದಲ್ಲ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕದಿದ್ದರೆ ಹೊಡೆತವೇ ಇರುವುದಿಲ್ಲ. ಆನೆಗಂತೂ ಇದು ಬೇಗ ತಿಳಿಯುತ್ತದೆ. ದಂತಕ್ಕೆ ಕರೆಂಟು ತಗುಲದೆಂದು ಅರಿತು ದಂತದಿಂದಲೇ ತಂತಿ ಕೀಳುವ, ಮರ ಕೆಡವಿ ಬೇಲಿ ಮುರಿಯುವ ಆನೆಗಳಿವೆ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಅವುಗಳಿಗಾಗಿ ಸರ್ಕಾರ ಕಂದಕ ತೋಡಿತು, ನಾಗರಹೊಳೆಯ ಅಂಚಿನಲ್ಲಿ ಹಳೆಯ ರೈಲು ಕಂಬಿಗಳ ತಡೆಗೋಡೆ ಕಟ್ಟಿತು. 2018ರಲ್ಲಿ ಅಲ್ಲೇ ಆ ಕಂಬಿ ದಾಟಲು ಹೋದ ಸಲಗವೊಂದು ಸಿಕ್ಕಿಹಾಕಿಕೊಂಡು ಸತ್ತಿತು. ಆನೆ ನಡೆಯುವ ದಾರಿಯಲ್ಲಿ ಒಬ್ಬ ರೈತ ತನ್ನ ಎರಡೆಕರೆಗೆ ಮಾತ್ರ ಬೇಲಿ ಹಾಕಿದರೆ ಆನೆ ಪಕ್ಕದವರ ಹೊಲಕ್ಕೆ ಹೋಗುತ್ತದೆ. ಅಲ್ಲಿ ಇಡೀ ಊರು ಒಂದಾಗಿ, ಅರಣ್ಯ ಇಲಾಖೆಯ ಜೊತೆ ಕೂತು, ಬೇಲಿ ಎಲ್ಲಿ, ಬಿಡುವು ಎಲ್ಲಿ ಎಂದು ನಿಶ್ಚಯಿಸದೆ ಬೇರೆ ಉಪಾಯವಿಲ್ಲ.

ತಂತಿಯ ಜೊತೆಗೆ ಹಸಿರು

ಬೆಳೆದು ನಿಂತ ಮುಳ್ಳಿನ ಬೇಲಿಯ ಬಲ ಈ ನೆಲಕ್ಕೆ ಹೊಸತಲ್ಲ. 1792ರ ಮುತ್ತಿಗೆಯ ವಿವರಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ದಟ್ಟ ಮುಳ್ಳುಬೇಲಿ ಒಂದು ರಕ್ಷಣಾ ಸಾಲಾಗಿಯೇ ಬರುತ್ತದೆ. ಹೊಲದ ಬೇಲಿಯಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿ, ಆಡುಸೋಗೆ, ಸೀಗೆ ಇರುತ್ತಿದ್ದವು. ಕತ್ತಾಳೆಯಿಂದ ಹಗ್ಗದ ನಾರು, ಲಕ್ಕಿ ಸೊಪ್ಪಿನಿಂದ ಕಾಳಿಗೆ ಹುಳದ ಕಾವಲು, ಆಡುಸೋಗೆಯಿಂದ ಕೆಮ್ಮಿನ ಕಷಾಯ, ಬೇಲಿ ಮೇಲೆ ಹಬ್ಬಿದ ತೊಂಡೆ, ಅಮೃತಬಳ್ಳಿ. ಪಿಕಳಾರ ಗೂಡು ಕಟ್ಟುತ್ತಿತ್ತು, ಹುಳ ಹಿಡಿಯುವ ಓತಿಕ್ಯಾತ, ಇಲಿ ಹಿಡಿಯುವ ಮುಂಗುಸಿಗೆ ಅದೇ ಮನೆ. ತಂತಿ ಎಳೆಯುವಾಗ ಜೆಸಿಬಿಯಿಂದ ಇದನ್ನೆಲ್ಲ ಬೋಳಿಸುವುದು ದೊಡ್ಡ ನಷ್ಟ, ಬದುವಿನ ಮಣ್ಣನ್ನು ಹಿಡಿದಿರುವುದೂ ಅವುಗಳ ಬೇರೇ.

ನನ್ನ ಮಟ್ಟಿಗೆ ಒಳ್ಳೆಯ ಬೇಲಿ ಎರಡೂ ಕೂಡಿದ್ದು. ತಂತಿ ನಿಂತ ವರ್ಷವೇ ಮೊದಲ ಮಳೆಗೆ ಅದರ ಗುಂಟ ಎರಡಡಿಗೊಂದು ಗೊಬ್ಬರದ ಗಿಡದ ಕಡ್ಡಿ ಊರಬೇಕು. ಮಧ್ಯ ಅಮೆರಿಕದಿಂದ ಬಂದ ಈ ಗ್ಲಿರಿಸಿಡಿಯಾ ಕಡ್ಡಿಯಿಂದಲೇ ಚಿಗುರುತ್ತದೆ, ವರ್ಷಕ್ಕೆರಡು ಸಲ ಸವರಿದರೆ ಸಾರಜನಕ ತುಂಬಿದ ಸೊಪ್ಪು ತೋಟಕ್ಕೆ ಸಿಗುತ್ತದೆ. ನಡುನಡುವೆ ಲಕ್ಕಿ, ದಾಸವಾಳ, ಆಡುಸೋಗೆ ಇರಲಿ. ಮೊದಲ ನಾಲ್ಕೈದು ವರ್ಷ ತಂತಿ ಗಿಡವನ್ನು ಕಾಯುತ್ತದೆ. ತಂತಿಗೆ ತುಕ್ಕು ಹಿಡಿಯುವ ಕಾಲಕ್ಕೆ ಗಿಡ ತಾನೇ ಬೇಲಿಯಾಗಿರುತ್ತದೆ. ಬೆಳೆಯುವ ಮರಕ್ಕೆ ಮಾತ್ರ ತಂತಿಯನ್ನು ಮೊಳೆ ಹೊಡೆದು ಕಟ್ಟಬಾರದು. ಮರ ತಂತಿಯನ್ನು ನುಂಗುತ್ತದೆ, ಗಾಯದಿಂದ ಕೊಳೆ ಹೊಗುತ್ತದೆ, ಮುಂದೆ ಗರಗಸಕ್ಕೂ ಅಪಾಯ.

ಬೇಲಿಗೆ ಸರ್ಕಾರದ ಸಹಾಯಧನ ಕೇಳುವವರು, ಕೊಡುವವರು ಇಬ್ಬರೂ ಈಗ ಒಬ್ಬೊಬ್ಬ ರೈತನ ಹೆಸರಿನಲ್ಲಿ ಲೆಕ್ಕ ಹಾಕುತ್ತಾರೆ. ಒಂದೇ ಹೊರಸುತ್ತಿನೊಳಗೆ ಬರುವ ನಾಲ್ಕಾರು ರೈತರು ಕೂಡಿ ಕೇಳಿದರೆ ಮೊದಲ ಆದ್ಯತೆ ಎಂಬ ನಿಯಮ ಬರಬೇಕು. ಅರ್ಧ ತಂತಿಯಲ್ಲಿ ಅಷ್ಟೇ ಭೂಮಿ ಕಾಪಾಡಬಹುದೆಂದು ಅಳತೆಯೇ ಹೇಳುತ್ತಿರುವಾಗ ಇದಕ್ಕೆ ತಡವೇಕೆ? ನಿಯಮ ಬರುವವರೆಗೂ ಕಾಯಬೇಕಿಲ್ಲ. ಈ ಬೇಸಿಗೆಯಲ್ಲಿ ಬೇಲಿ ಹಾಕಬೇಕೆಂದಿರುವವರು ಕಲ್ಲಿಗೆ ಮುಂಗಡ ಕೊಡುವ ಮೊದಲು ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಂಡು ಅಕ್ಕಪಕ್ಕದ ಹೊಲದವರನ್ನು ಒಂದು ಸಂಜೆ ಕರೆದು ಕೂರಿಸಿಕೊಳ್ಳಿ. ಗಡಿ, ಬಂಡಿದಾರಿ, ಹಳ್ಳ, ಗೇಟು, ಖರ್ಚಿನ ಪಾಲು, ವರ್ಷಕ್ಕೊಮ್ಮೆ ಕಳೆ ಸವರುವ ಸರದಿ, ಎಲ್ಲವನ್ನೂ ಬಿಳಿ ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಿ. ಆಮೇಲೆ ಮೇಸ್ತ್ರಿಗೆ ಹೇಳಿಕಳಿಸಿ.